ತೊಟ್ಟಿಲು, ಜೋಳಿಗೆ ಮತ್ತು ಒಂದು ಹಳೆಯ ಅಪವಾದ



ಕಳೆದ ದೀಪಾವಳಿಯ ನಂತರದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಎಂಟನೆಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ವಿಜಯನಗರದ ನಾಲ್ಕೂ ಮನೆತನಗಳ ಕಾಲಾನುಕ್ರಮವನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ ಹುಡುಗಿ ಆಕೆ. ಈಗ ಪುಣೆಯಲ್ಲಿ ನೌಕರಿ. ಮೊದಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಕೇಳಿದಳು: “ಸರ, ನಮ್ಮ ಅಟ್ಟದ ಮ್ಯಾಲೆ ಅಜ್ಜನ ಕಾಲದ ಕಲಘಟಗಿ ತೊಟ್ಟಿಲ ಐತಿ. ಅತ್ತಿಯವರು ಕೂಸನ್ನ ಅದರಾಗ ಹಾಕಬೇಕಂತಾರ. ಡಾಕ್ಟರು ಹಳೇ ತೊಟ್ಟಿಲದಾಗ ರಾತ್ರಿ ಮಲಗಸಬ್ಯಾಡ್ರಿ ಅಂತಾರ. ನೀವು ಇತಿಹಾಸದವರು, ನೀವ ಹೇಳ್ರಿ.”

ನಾನು ವೈದ್ಯನಲ್ಲ. ಮೂವತ್ತು ವರ್ಷಗಳ ಕಾಲ ಸಮಾಜ ವಿಜ್ಞಾನ ಕಲಿಸಿದವನು. ಆದರೂ ಮಾಸ್ತರಿಕೆಯ ಹುಂಬತನದಿಂದ “ನಾಲ್ಕು ದಿನ ತಡಿ, ಹೇಳ್ತೀನಿ” ಎಂದುಬಿಟ್ಟೆ. ನಾಲ್ಕು ದಿನ ಎರಡು ತಿಂಗಳಾಯಿತು. ಓದುತ್ತ ಹೋದಂತೆ ಆ ಪ್ರಶ್ನೆ ಅವಳ ಮನೆಯ ಅಟ್ಟದಿಂದ ಇಳಿದು ನಮ್ಮ ಮನೆಯ ಅಟ್ಟಕ್ಕೆ ಏರಿತು. ಅದರ ಕಥೆಯೇ ಈ ಲೇಖನ.

ರಾಜರ ಯುದ್ಧಗಳನ್ನು, ಒಪ್ಪಂದಗಳನ್ನು, ಕಂದಾಯ ಪದ್ಧತಿಗಳನ್ನು ನಿಮಗೆಲ್ಲ ಬಾಯಿಪಾಠ ಮಾಡಿಸಿದ್ದೇನೆ. ಒಂದು ಕೂಸು ರಾತ್ರಿ ಎಲ್ಲಿ ಮಲಗುತ್ತಿತ್ತು, ಬೆಳಿಗ್ಗೆ ಜೀವಂತವಾಗಿ ಏಳುವಂತೆ ಅದರ ತಾಯಿ ಏನೇನು ಮಾಡುತ್ತಿದ್ದಳು ಎಂಬುದಕ್ಕೂ ಒಂದು ಇತಿಹಾಸವಿದೆ ಎಂದು ಒಂದು ದಿನವೂ ಹೇಳಿದವನಲ್ಲ. ಗಂಡಸರಿಗೆ ಬಾಣಂತಿ ಕೋಣೆಯ ಹೊಸ್ತಿಲು ದಾಟುವ ರೂಢಿಯಿರಲಿಲ್ಲ. ಇತಿಹಾಸ ಬರೆದವರು ಬಹುತೇಕ ಗಂಡಸರೇ ಆಗಿದ್ದರು.

ಮೊದಲು ಕಲಘಟಗಿಯ ತೊಟ್ಟಿಲಿನ ವಿಷಯ. ನಮ್ಮ ದುಂಡಸಿಯಿಂದ ತಡಸದ ಮೇಲೆ ಹಾದು ಹೋದರೆ ಕಲಘಟಗಿ ದೂರವೇನಲ್ಲ. 1997ರಲ್ಲಿ ಹಾವೇರಿ ಜಿಲ್ಲೆ ಬೇರೆಯಾಗುವವರೆಗೆ ಎರಡೂ ಊರುಗಳು ಧಾರವಾಡ ಜಿಲ್ಲೆಯವೇ ಆಗಿದ್ದವು. ಇದು ಅರೆಮಲೆನಾಡಿನ ಅಂಚು. ಪಶ್ಚಿಮಕ್ಕೆ ಹೋದಂತೆ ಸಾಗವಾನಿ ಕಾಡು ಸಿಗುತ್ತದೆ. ಮರ ಇದ್ದಲ್ಲಿ ಬಡಿಗ, ಬಡಿಗ ಇದ್ದಲ್ಲಿ ತೊಟ್ಟಿಲು. ಕಲಘಟಗಿಯ ಚಿತ್ರಗಾರ ಕುಟುಂಬಗಳು ಸಾಗವಾನಿಯ ತೊಟ್ಟಿಲು ಕಟ್ಟಿ ಅದರ ಹಲಗೆಗಳ ಮೇಲೆ ಕೃಷ್ಣನ ಬಾಲಲೀಲೆ, ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ಬಿಡಿಸುತ್ತ ಬಂದಿವೆ. ಇತರ ಧರ್ಮದವರು ಕೇಳಿದರೆ ಅವರವರ ನಂಬಿಕೆಗೆ ಒಪ್ಪುವ ಚಿತ್ರ, ಬಳ್ಳಿ, ಹೂವು. ಅರಗಿನ ಬಣ್ಣ ತಲೆಮಾರು ಕಳೆದರೂ ಮಾಸುವುದಿಲ್ಲ ಎಂಬುದು ಅವರ ಹೆಮ್ಮೆ. ಈಗ ಈ ಕೆಲಸ ಬಲ್ಲ ಮನೆಗಳು ಬೆರಳೆಣಿಕೆಯಷ್ಟು. ಬೆಲೆ ಹತ್ತಾರು ಸಾವಿರ ರೂಪಾಯಿಗಳಿಂದ ಲಕ್ಷದವರೆಗೂ ಹೋಗುತ್ತದೆ. 2018ರ ನವೆಂಬರಿನಲ್ಲಿ ತೀರಿಕೊಂಡ ನಟ ಅಂಬರೀಶ್ ಅವರು ಅದಕ್ಕೂ ಮುನ್ನ ನಟ ಯಶ್ ಅವರ ಕೂಸಿಗೆಂದು ಕಲಘಟಗಿಯಲ್ಲಿ ತೊಟ್ಟಿಲು ಮಾಡಲು ಹೇಳಿದ್ದರು. ಅವರು ಹೋದ ಮೇಲೆ ತೊಟ್ಟಿಲು ಆ ಮನೆಗೆ ತಲುಪಿತೆಂದು ಪತ್ರಿಕೆಗಳಲ್ಲಿ ಓದಿದ ನೆನಪು ನಿಮಗೂ ಇರಬಹುದು. ಅಲ್ಲಿಂದ ಬೆಂಗಳೂರಿನವರಿಗೂ ಕಲಘಟಗಿಯ ಹೆಸರು ತಿಳಿಯಿತು. ನಮ್ಮ ಭಾಗದಲ್ಲಿ ಮಾತ್ರ ಇದು ಹಿಂದಿನಿಂದಲೂ ಹತ್ತು ಮನೆಗೆ ಒಂದು ತೊಟ್ಟಿಲು ಎಂಬಂತಿದ್ದ ವಸ್ತು. ಉಳ್ಳವರ ಮನೆಯ ತೊಟ್ಟಿಲು ಓಣಿಯ ಕೂಸುಗಳನ್ನೆಲ್ಲ ತೂಗಿ ಮರಳಿ ಅಟ್ಟ ಸೇರುತ್ತಿತ್ತು.

ತೊಟ್ಟಿಲಿನ ಅಂದದ ಬಗ್ಗೆ ಬರೆದವರು ಬಹಳ ಜನ. ಅದು ಏಕೆ ಹಾಗಿದೆ ಎಂದು ಕೇಳಿದವರು ಕಡಿಮೆ. ನಮ್ಮ ಬಾಲ್ಯದ ಮನೆಗಳನ್ನು ನೆನಪಿಸಿಕೊಳ್ಳಿ. ಮಣ್ಣಿನ ಗೋಡೆ, ಸಗಣಿ ಸಾರಿಸಿದ ನೆಲ, ಒಂದೇ ಸೂರಿನಡಿ ದನಕರು, ಜೋಳದ ಹಗೇವು, ಮೂಲೆಯಲ್ಲಿ ಸೌದೆಯ ರಾಶಿ. ನೆಲದ ಮೇಲೆ ಇರುವೆ, ಚೇಳು, ಇಲಿ, ಮಳೆಗಾಲದಲ್ಲಿ ಹಾವು. ತೊಲೆಯಿಂದ ಸರಪಳಿ ಇಳಿಬಿಟ್ಟು, ನೆಲದಿಂದ ಮೂರಡಿ ಮೇಲೆ ಸಮತಟ್ಟಾದ ಹಲಗೆ ತೂಗಹಾಕಿ, ನಾಲ್ಕೂ ಬದಿಗೆ ಕಟಾಂಜನ ನಿಲ್ಲಿಸಿದರೆ ಇವೆಲ್ಲವುಗಳಿಂದ ಕೂಸು ದೂರವಾಯಿತು. ನಮ್ಮ ಮನೆಯಲ್ಲಿ ಸರಪಳಿಯ ಮೇಲ್ತುದಿಗೆ ಬೇವಿನೆಣ್ಣೆಯ ಬಟ್ಟೆ ಸುತ್ತುತ್ತಿದ್ದರು, ಇರುವೆ ಇಳಿಯಬಾರದೆಂದು. ತೂಗುವ ಹಗ್ಗದ ಇನ್ನೊಂದು ತುದಿ ತಾಯಿಯ ಕಾಲಿನ ಹೆಬ್ಬೆರಳಿಗೆ. ಆಕೆ ರೊಟ್ಟಿ ಬಡಿಯುತ್ತಲೇ ತೂಗಬಹುದು.

ನಾಮಕರಣದ ದಿನದ ಆಚರಣೆ ನಿಮಗೆ ಗೊತ್ತು. ಕೂಸನ್ನು ತೊಟ್ಟಿಲಿಗೆ ಹಾಕುವ ಮುನ್ನ ರುಬ್ಬುವ ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿ, ಕಾಡಿಗೆ ಹಚ್ಚಿ, ಅದನ್ನೇ ಕೂಸೆಂಬಂತೆ ಮಲಗಿಸಿ ತೂಗುತ್ತಾರೆ. ಮುತ್ತೈದೆಯರು ತೊಟ್ಟಿಲ ಮೇಲಿನಿಂದಲೂ ಕೆಳಗಿನಿಂದಲೂ ಒಬ್ಬರಿಗೊಬ್ಬರು ದಾಟಿಸುತ್ತಾರೆ. ಗುಂಡುಕಲ್ಲಿನಂತೆ ಗಟ್ಟಿಯಾಗಿರಲಿ ಎಂಬ ಹಾರೈಕೆ ಎಂದು ಅರ್ಥ ಹೇಳುವುದು ವಾಡಿಕೆ. ನನಗೆ ಇನ್ನೊಂದು ಅನುಮಾನ. ವರ್ಷಗಟ್ಟಲೆ ಅಟ್ಟದಲ್ಲಿದ್ದ ತೊಟ್ಟಿಲು, ಯಾರದೋ ಮನೆಯಿಂದ ಕಡ ತಂದ ಸರಪಳಿ, ಗೆದ್ದಲು ಹಿಡಿದಿದೆಯೋ ಇಲ್ಲವೋ ತಿಳಿಯದ ತೊಲೆ. ಇವುಗಳಿಗೆ ಕೂಸಿಗಿಂತ ಭಾರವಾದ ಕಲ್ಲನ್ನು ಹಾಕಿ ನಾಲ್ಕು ಸಲ ಜೋರಾಗಿ ತೂಗಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಯಾವುದಿದೆ? ಇದಕ್ಕೆ ಶಾಸ್ತ್ರಾಧಾರವಿಲ್ಲ, ನನ್ನ ಊಹೆ ಮಾತ್ರ. ಒಪ್ಪದವರು ಬಿಡಬಹುದು.

ಹೊಲಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಕಲಘಟಗಿಯ ತೊಟ್ಟಿಲು ಎಲ್ಲಿಂದ ಬರಬೇಕು? ಅವರದು ಜೋಳಿಗೆ. ಹಳೆಯ ಸೀರೆಯನ್ನು ಬೇವಿನ ಮರಕ್ಕೋ ಬನ್ನಿ ಮರಕ್ಕೋ ಕಟ್ಟಿದರೆ ಐದು ನಿಮಿಷದಲ್ಲಿ ಸಿದ್ಧ. ನೆರಳೂ ಆಯಿತು, ಗಾಳಿಯೂ ಆಯಿತು. ಆದರೆ ಅದರ ದೋಷಗಳನ್ನೂ ಹೇಳಬೇಕು. ಜೋಳಿಗೆಯಲ್ಲಿ ಕೂಸಿನ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಗದ್ದ ಎದೆಗೆ ಒತ್ತುತ್ತದೆ. ಎಳೆಗೂಸಿನ ಉಸಿರುನಾಳ ಮೆತ್ತಗಿರುವುದರಿಂದ ಆ ಭಂಗಿಯಲ್ಲಿ ಗಾಳಿ ಕಡಿಮೆಯಾಗುತ್ತದೆ. ಕತ್ತು ಎತ್ತಿಕೊಳ್ಳುವ ಶಕ್ತಿ ಅದಕ್ಕಿರುವುದಿಲ್ಲ. ತುಸು ದೊಡ್ಡ ಮಕ್ಕಳು ಖಾಲಿ ಜೋಳಿಗೆಯಲ್ಲಿ ಸುತ್ತುತ್ತ ಆಡಿ ಸೀರೆ ಕೊರಳಿಗೆ ಉರುಲಾದ ಪ್ರಕರಣಗಳು ನಮ್ಮ ದೇಶದ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಜೋಳಿಗೆಯ ಎರಡು ಅಂಚುಗಳ ನಡುವೆ ಅಡ್ಡ ಕೋಲು ಸಿಕ್ಕಿಸುವ ರೂಢಿ ಕೆಲವರಲ್ಲಿತ್ತು. ಬಟ್ಟೆ ಕೂಸಿನ ಮುಖದ ಮೇಲೆ ಮುಚ್ಚಿಕೊಳ್ಳದಂತೆ. ಅಕ್ಷರ ಬಾರದ ಯಾವ ತಾಯಿ ಅದನ್ನು ಮೊದಲು ಮಾಡಿದಳೋ, ಅವಳಿಗೆ ನಮಸ್ಕಾರ.

ಇನ್ನು ಮೂರನೆಯ ಜಾಗ, ಬಹುಪಾಲು ಕೂಸುಗಳು ನಿಜವಾಗಿಯೂ ಮಲಗುತ್ತಿದ್ದ ಜಾಗ: ತಾಯಿಯ ಮಗ್ಗುಲು. ಇಲ್ಲಿಗೆ ಬಂದಾಗ ನಾನು ನಮ್ಮ ಮನೆಯ ಸಂಗತಿಯನ್ನು ಹೇಳಲೇಬೇಕು. ಸಂಬಂಧಿಕರಲ್ಲಿ ಹಿರಿಯರಿಗೆ ಇದು ಗೊತ್ತು. ಕಿರಿಯರಿಗೆ ಯಾರೂ ಹೇಳಿಲ್ಲ.

ನನಗಿಂತ ಮೊದಲು ನಮ್ಮ ಅವ್ವನಿಗೆ ಒಬ್ಬ ಮಗ ಹುಟ್ಟಿದ್ದ. 1957ರ ಕೊನೆಯಲ್ಲಿ. ಅವನಿಗೆ ಎರಡು ತಿಂಗಳು ತುಂಬುವ ಮೊದಲೇ, 1958ರ ಜನವರಿಯ ಒಂದು ಬೆಳಿಗ್ಗೆ, ಅವ್ವನ ಮಗ್ಗುಲಲ್ಲೇ ತಣ್ಣಗಾಗಿದ್ದ. ಹಿಂದಿನ ರಾತ್ರಿ ಹಾಲು ಕುಡಿದಿದ್ದ, ಜ್ವರವಿರಲಿಲ್ಲ, ಅತ್ತಿರಲಿಲ್ಲ. ಹೆಣ್ಣುಮಕ್ಕಳು ಬಂದು ನೋಡಿದರು. ಯಾರೋ ಒಬ್ಬರು ಅಂದರು: “ತಾಯಿ ನಿದ್ದ್ಯಾಗ ಹೊರಳಿ ಮೈಮ್ಯಾಲ ಬಿದ್ದಾಳ.” ಅಷ್ಟೇ. ಆ ಮಾತು ಊರೆಲ್ಲ ಹಬ್ಬಲು ಒಂದು ದಿನ ಸಾಕಾಯಿತು. ಅಳಿಯಲು ಅವ್ವನ ಆಯುಷ್ಯ ಸಾಲಲಿಲ್ಲ. ಯಾರೂ ಎದುರಿಗೆ ಬೈಯಲಿಲ್ಲ. ಆದರೆ ಬೇರೆಯವರ ಎಳೆಗೂಸನ್ನು ಅವ್ವನ ಕೈಗೆ ಕೊಡುವಾಗ ಒಂದು ಕ್ಷಣ ತಡೆಯುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಕಾರಣ ತಿಳಿದದ್ದು ಬಹಳ ತಡವಾಗಿ.

1960ರಲ್ಲಿ ನಾನು ಹುಟ್ಟಿದೆ. ಅವ್ವ ನನ್ನನ್ನು ಮಗ್ಗುಲಲ್ಲಿ ಹಾಕಿಕೊಳ್ಳಲು ಒಪ್ಪಲಿಲ್ಲವಂತೆ. ನಮ್ಮ ಸೋದರಮಾವ ಎರಡು ಚೀಲ ಭತ್ತ ಮಾರಿ, ಚಕ್ಕಡಿ ಕಟ್ಟಿಕೊಂಡು ಕಲಘಟಗಿಗೆ ಹೋಗಿ ತೊಟ್ಟಿಲು ತಂದ. ಹಾಲು ಕುಡಿಸುವಾಗ ಮಾತ್ರ ಎತ್ತಿಕೊಂಡು, ಗೋಡೆಗೆ ಒರಗಿ ಕೂತು, ನಿದ್ದೆ ಬರಬಾರದೆಂದು ಅಕ್ಕನನ್ನು ಮಾತಾಡಿಸುತ್ತ, ಮುಗಿದೊಡನೆ ತೊಟ್ಟಿಲಿಗೆ. ಹೀಗೆ ಒಂದು ವರ್ಷ. ಅಂದರೆ ನನಗೆ ಬಂದ ತೊಟ್ಟಿಲು ಸಂಭ್ರಮದ ತೊಟ್ಟಿಲಲ್ಲ, ಭಯದ ತೊಟ್ಟಿಲು.

“ತಾಯಿ ಹೊರಳಿದಳು” ಎಂಬ ಈ ಮಾತಿನ ವಯಸ್ಸೆಷ್ಟು ಎಂದು ಹುಡುಕಿದೆ. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಸೊಲೊಮೋನ ರಾಜನ ನ್ಯಾಯದ ಕಥೆ ನಿಮಗೆ ಗೊತ್ತು: ಒಂದು ಕೂಸು, ಇಬ್ಬರು ತಾಯಂದಿರು, ಕತ್ತಿಯಿಂದ ಎರಡು ಭಾಗ ಮಾಡಿರೆಂಬ ತೀರ್ಪು. ಆ ಜಗಳ ಹುಟ್ಟಿದ್ದೇ ಒಬ್ಬ ತಾಯಿ ನಿದ್ದೆಯಲ್ಲಿ ತನ್ನ ಕೂಸಿನ ಮೇಲೆ ಮಲಗಿ ಅದು ಸತ್ತದ್ದರಿಂದ ಎಂಬುದನ್ನು ನಾವು ಮರೆಯುತ್ತೇವೆ. ನಮ್ಮ ಜಾತಕ ಕಥೆಗಳಲ್ಲಿ ಮಹೋಷಧ ಪಂಡಿತನೂ ಇಂಥದೇ ನ್ಯಾಯ ಹೇಳುತ್ತಾನೆ. ಅಲ್ಲಿ ಕೂಸನ್ನು ಕದ್ದವಳು ಯಕ್ಷಿ. ಸತ್ತ ಕೂಸಿಲ್ಲ, ಹೊರಳಿದ ತಾಯಿಯೂ ಇಲ್ಲ. ಈ ವ್ಯತ್ಯಾಸ ನನಗೇಕೋ ಸಮಾಧಾನ ಕೊಟ್ಟಿತು.

ಯುರೋಪಿನಲ್ಲಿ ಈ ಅಪವಾದಕ್ಕೆ ದಂಡನೆಯೂ ಇತ್ತು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹಾಲೂಡಿಸುವ ದಾದಿಯರು ಕೂಸಿನ ಮೇಲೆ ಕಮಾನಿನಂಥ ಒಂದು ಮರದ ಚೌಕಟ್ಟನ್ನು ಇಟ್ಟುಕೊಂಡೇ ಮಲಗಬೇಕಿತ್ತು. ಇಲ್ಲವಾದರೆ ಚರ್ಚಿನಿಂದ ಬಹಿಷ್ಕಾರ. ಅದರ ಹೆಸರು ‘ಆರ್ಕುಚ್ಚೊ’. ಒಂದು ಪಕ್ಕದಲ್ಲಿ ಹಾಲು ಕುಡಿಸಲು ಅನುಕೂಲವಾಗುವಂತೆ ಕತ್ತರಿಸಿದ ಜಾಗವಿರುತ್ತಿತ್ತು. 1732ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅದರ ಚಿತ್ರವೂ ವಿವರಣೆಯೂ ಅಚ್ಚಾದವು. 1892ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಪೊಲೀಸ್ ವೈದ್ಯನಾಗಿದ್ದ ಚಾರ್ಲ್ಸ್ ಟೆಂಪಲ್ಮನ್ ತನ್ನ ಊರಿನ 258 ಇಂಥ ಶಿಶುಮರಣಗಳನ್ನು ಪಟ್ಟಿ ಮಾಡಿ, ಶನಿವಾರದ ರಾತ್ರಿ ಇವು ಹೆಚ್ಚೆಂದು ತೋರಿಸಿ, ತಾಯಂದಿರ ಕುಡಿತ, ಅಜ್ಞಾನ, ಅಜಾಗ್ರತೆಗಳನ್ನು ಕಾರಣವೆಂದ. ಕೆಲವು ಪ್ರಕರಣಗಳಲ್ಲಿ ಅವನ ಮಾತು ಸರಿಯೇ ಇರಬಹುದು. ಅಮಲಿನಲ್ಲಿರುವವರ ಮಗ್ಗುಲು ಕೂಸಿಗೆ ಅಪಾಯವೆಂಬುದನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ. ಆದರೆ ಎಲ್ಲ ಸಾವುಗಳಿಗೂ ಅದೊಂದೇ ಕಾರಣ ಬರೆದುಬಿಟ್ಟರೆ ಬೇರೆ ಕಾರಣ ಹುಡುಕುವ ಕೆಲಸವೇ ನಿಲ್ಲುತ್ತದೆ. ಹಾಗೆಯೇ ಆಯಿತು. ತೊಟ್ಟಿಲಲ್ಲಿ ಒಂಟಿಯಾಗಿ ಮಲಗಿದ್ದ ಆರೋಗ್ಯವಂತ ಕೂಸುಗಳೂ ಸಾಯುತ್ತಿದ್ದವು. ಅಲ್ಲಿ ಹೊರಳಿದವರು ಯಾರು? 1969ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಸೇರಿದ ವೈದ್ಯರು ಇದಕ್ಕೆ ‘ಹಠಾತ್ ಶಿಶುಮರಣ’ ಎಂಬ ಅರ್ಥ ಬರುವ ಪ್ರತ್ಯೇಕ ಹೆಸರನ್ನಿಟ್ಟರು. ಹೆಸರಿಟ್ಟದ್ದರಿಂದ ಕಾರಣ ತಿಳಿಯಲಿಲ್ಲ. ಆದರೆ ತಾಯಿಯನ್ನು ಅಪರಾಧಿಯಾಗಿ ನೋಡುವ ಬದಲು ಸಾವನ್ನು ಸಾವಾಗಿ ನೋಡುವುದು ಆರಂಭವಾಯಿತು.

ಮುಂದಿನದು ವಿದ್ಯಾವಂತರು ನಾಚಬೇಕಾದ ಅಧ್ಯಾಯ. 1944ರಲ್ಲೇ ನ್ಯೂಯಾರ್ಕಿನ ವೈದ್ಯ ಹೆರಾಲ್ಡ್ ಅಬ್ರಾಮ್ಸನ್, ಹೀಗೆ ಸತ್ತ ಕೂಸುಗಳಲ್ಲಿ ಹೆಚ್ಚಿನವು ಬೋರಲಾಗಿ ಮಲಗಿದ್ದವೆಂದು ಬರೆದಿದ್ದ. ಯಾರೂ ಲಕ್ಷ್ಯ ಕೊಡಲಿಲ್ಲ. ಡಾಕ್ಟರ್ ಸ್ಪಾಕ್ ಅವರ ಶಿಶುಪಾಲನೆಯ ಪುಸ್ತಕ 1946ರಲ್ಲಿ ಮೊದಲು ಬಂದು ಪಾಶ್ಚಾತ್ಯ ತಾಯಂದಿರ ಪಾಲಿಗೆ ಪುರಾಣವೇ ಆಯಿತು. 1950ರ ದಶಕದ ಕೊನೆಯ ಆವೃತ್ತಿಗಳಿಂದ ಅದರಲ್ಲಿ ಕೂಸನ್ನು ಬೋರಲಾಗಿ ಮಲಗಿಸುವುದೇ ಒಳ್ಳೆಯದೆಂಬ ಸಲಹೆ ಸೇರಿತು. ಅಂಗಾತ ಮಲಗಿದರೆ ವಾಂತಿ ಗಂಟಲಿಗೆ ಸಿಕ್ಕೀತು, ತಲೆ ಒಂದು ಬದಿಗೆ ಚಪ್ಪಟೆಯಾದೀತು ಎಂಬ ತರ್ಕದಿಂದ. ತರ್ಕ ಕೇಳಲು ಸರಿಯಾಗಿಯೇ ಇದೆ. ಆದರೆ ಅದನ್ನು ಯಾರೂ ಲೆಕ್ಕ ಹಾಕಿ ಪರೀಕ್ಷಿಸಿರಲಿಲ್ಲ. 2005ರಲ್ಲಿ ರೂತ್ ಗಿಲ್ಬರ್ಟ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಜೋಡಿಸಿ, ಬೋರಲು ಮಲಗಿಸುವುದು ಅಪಾಯವೆಂಬುದು 1970ರ ವೇಳೆಗೇ ತಿಳಿಯಬಹುದಿತ್ತೆಂದು ತೋರಿಸಿದರು. ಆಗಲೇ ತಿಳಿದಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯುರೋಪ್, ಅಮೆರಿಕ, ಆಸ್ಟ್ರೇಲಿಯಾ ಕಡೆಗಳಲ್ಲಿ ಕನಿಷ್ಠ 50,000 ಕೂಸುಗಳು ಉಳಿಯುತ್ತಿದ್ದವೇನೋ ಎಂಬುದು ಅವರ ಅಂದಾಜು. ಅಚ್ಚಾದ ಪುಸ್ತಕವನ್ನು ನಂಬಿ ಎಂದು ನಿಮಗೆ ಹೇಳಿಕೊಟ್ಟವನು ನಾನು. ಈ ಅಂಕಿಗಳನ್ನು ಓದಿ ಎರಡು ದಿನ ಬೇರೇನೂ ಓದಲಾಗಲಿಲ್ಲ.

1980ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸ್, ಇಂಗ್ಲೆಂಡಿನ ಬ್ರಿಸ್ಟಲ್ ಹಾಗೂ ನ್ಯೂಜಿಲೆಂಡಿನ ಅಧ್ಯಯನಗಳು ಒಂದೇ ಮಾತು ಹೇಳತೊಡಗಿದವು: ಅಂಗಾತ ಮಲಗಿಸಿರಿ. 1991ರಲ್ಲಿ ಬ್ರಿಟನ್ನಿನ ದೂರದರ್ಶನ ನಿರೂಪಕಿ ಆನ್ ಡೈಮಂಡ್ ತಮ್ಮ ನಾಲ್ಕು ತಿಂಗಳ ಮಗನನ್ನು ಹೀಗೆಯೇ ಕಳೆದುಕೊಂಡರು. ಆ ತಾಯಿ ಮನೆಯೊಳಗೆ ಮುಖ ಮುಚ್ಚಿಕೊಂಡು ಕೂರಲಿಲ್ಲ. ನ್ಯೂಜಿಲೆಂಡಿಗೆ ಹೋಗಿ ವಿಷಯ ತಿಳಿದು ಬಂದು ಸರಕಾರದ ಬೆನ್ನು ಹತ್ತಿದರು. ಅದೇ ವರ್ಷದ ಡಿಸೆಂಬರಿನಲ್ಲಿ ದೇಶದಾದ್ಯಂತ ಪ್ರಚಾರ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಇಂಥ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು. ಅಮೆರಿಕದ ಮಕ್ಕಳ ವೈದ್ಯರ ಸಂಘ 1992ರಲ್ಲಿ ಇದೇ ಸಲಹೆ ಕೊಟ್ಟು, 1994ರಲ್ಲಿ ಅಲ್ಲೂ ದೊಡ್ಡ ಪ್ರಚಾರ ನಡೆಯಿತು. ಔಷಧಿಯಿಲ್ಲ, ಯಂತ್ರವಿಲ್ಲ, ಕೂಸನ್ನು ಬೆನ್ನಿನ ಮೇಲೆ ಮಲಗಿಸಿದ್ದು, ಅಷ್ಟೇ.

ನಮ್ಮ ಊರಿನ ಅಜ್ಜಿಯರು ಕೂಸನ್ನು ಎಂದೂ ಬೋರಲು ಮಲಗಿಸಿದವರಲ್ಲ. ಎಣ್ಣೆ ತಿಕ್ಕಿ, ಎರೆದು, ಬಟ್ಟೆ ಸುತ್ತಿ ಅಂಗಾತವೇ ಹಾಕುತ್ತಿದ್ದರು. ಸ್ಪಾಕ್ ಅವರ ಪುಸ್ತಕ ದುಂಡಸಿಗೆ ಬರದಿದ್ದುದು ನಮ್ಮ ಪುಣ್ಯ. ಹಾಗೆಂದು ಹಳೆಯದೆಲ್ಲ ಒಳ್ಳೆಯದೆಂದು ಹೊಗಳಲು ನಾನು ಸಿದ್ಧನಿಲ್ಲ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಎರಡೂ ಬದಿಗೆ ಒತ್ತರಿಸುವ ಲೋಡು, ಮೇಲಿಂದ ಮೇಲೆ ಹೊದಿಸುವ ಕೌದಿ, ಕಣ್ಣಿನವರೆಗೆ ಎಳೆಯುವ ಕುಂಚಿಗೆ, ಲೋಬಾನದ ಹೊಗೆ ಇವೆಲ್ಲವುಗಳ ಬಗ್ಗೆ ಇಂದಿನ ವೈದ್ಯರು ಬೇಡವೆನ್ನುತ್ತಾರೆ. ಕೂಸಿನ ಮುಖದ ಹತ್ತಿರ ಮೆತ್ತನೆಯ ವಸ್ತುವಿದ್ದರೆ ಉಸಿರಿಗೆ ಅಡ್ಡ. ಮೈ ಅತಿಯಾಗಿ ಕಾದರೂ ಅಪಾಯ. ಬೀಡಿ ಸಿಗರೇಟಿನ ಹೊಗೆ ಇನ್ನೂ ಅಪಾಯ. ಗಟ್ಟಿಯಾದ ಸಮತಟ್ಟು ಹಾಸಿಗೆ, ಅಂಗಾತ ಭಂಗಿ, ತಾಯಿಯ ಕೋಣೆಯಲ್ಲೇ ಆದರೆ ಬೇರೆ ಹಾಸಿಗೆ. ಅಮೆರಿಕದ ಸಂಘ 2022ರಲ್ಲಿ ಪರಿಷ್ಕರಿಸಿದ ಸಲಹೆಯ ಸಾರ ಇದು. ಹುಟ್ಟುವಾಗಲೇ ತೂಕ ಕಡಿಮೆಯಿರುವ ಕೂಸಿನ ಮಾತು ಬೇರೆ. ಅದಕ್ಕೆ ಎಚ್ಚರವಿರುವ ತಾಯಿಯ ಎದೆಯೇ ತೊಟ್ಟಿಲು. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಆರಂಭವಾದ ಈ ಕಾಂಗರೂ ಆರೈಕೆಯನ್ನು ನಮ್ಮ ಕೊಪ್ಪಳ ಜಿಲ್ಲೆಯ ಸರಕಾರಿ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಕಾರದೊಂದಿಗೆ ವ್ಯಾಪಕವಾಗಿ ಜಾರಿಗೆ ತಂದು ನೋಡಿದ್ದಾರೆ.

ಹೊಸ ವಸ್ತುಗಳೆಲ್ಲ ಸುರಕ್ಷಿತವೆಂಬ ಭ್ರಮೆಯೂ ಬೇಡ. ಅಮೆರಿಕದ ಪ್ರಸಿದ್ಧ ಕಂಪನಿಯೊಂದರ ಓರೆಯಾದ ತೂಗುಮಂಚದಲ್ಲಿ ಮೂವತ್ತಕ್ಕೂ ಹೆಚ್ಚು ಕೂಸುಗಳು ಸತ್ತ ವರದಿಗಳು ಬಂದ ಮೇಲೆ, 2019ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದೆಗೆದುಕೊಳ್ಳಬೇಕಾಯಿತು. 2022ರಲ್ಲಿ ಅಂಥ ಓರೆಮಂಚಗಳನ್ನೂ ತೊಟ್ಟಿಲ ಬದಿಗೆ ಕಟ್ಟುವ ಮೆತ್ತೆಗಳನ್ನೂ ಕಾನೂನೇ ನಿಷೇಧಿಸಿತು. ಇದಕ್ಕೆ ಹೋಲಿಸಿದರೆ ಫಿನ್ಲೆಂಡಿನವರ ದಾರಿ ನನಗೆ ಹಿಡಿಸಿತು. 1938ರಿಂದ ಅಲ್ಲಿಯ ಸರಕಾರ ಬಡ ಬಾಣಂತಿಯರಿಗೆ, 1949ರಿಂದ ಎಲ್ಲರಿಗೂ, ಕೂಸಿನ ಬಟ್ಟೆಬರೆ ತುಂಬಿದ ರಟ್ಟಿನ ಪೆಟ್ಟಿಗೆಯೊಂದನ್ನು ಕೊಡುತ್ತ ಬಂದಿದೆ. ತಳಕ್ಕೆ ತೆಳು ಹಾಸಿಗೆ. ಪೆಟ್ಟಿಗೆಯೇ ಎಷ್ಟೋ ಕೂಸುಗಳ ಮೊದಲ ತೊಟ್ಟಿಲು. ಗರ್ಭಿಣಿ ನಾಲ್ಕು ತಿಂಗಳೊಳಗೆ ವೈದ್ಯರಿಗೆ ತೋರಿಸಿಕೊಂಡಿದ್ದರೆ ಮಾತ್ರ ಪೆಟ್ಟಿಗೆ. ನಮ್ಮ ಕರ್ನಾಟಕವೂ 2007ರಲ್ಲಿ ‘ಮಡಿಲು’ ಎಂಬ ಒಳ್ಳೆಯ ಹೆಸರಿನ ಯೋಜನೆಯಲ್ಲಿ, ಸರಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಸೊಳ್ಳೆಪರದೆ, ಹಾಸು ಹೊದಿಕೆ, ಕೂಸಿನ ಟೊಪ್ಪಿಗೆ ಸೇರಿದ ಗಂಟು ಕೊಡಲು ಆರಂಭಿಸಿತ್ತು. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 129 ವರ್ಷ ತುಂಬುವ ಮುನ್ನ ಸಾಯುತ್ತಿದ್ದವು. 2020ರಲ್ಲಿ ಅದು 28ಕ್ಕೆ ಇಳಿದಿತ್ತು. ಇದರ ಹಿಂದೆ ಲಸಿಕೆಯಿದೆ, ಆಸ್ಪತ್ರೆಯ ಹೆರಿಗೆಯಿದೆ, ಆಶಾ ಕಾರ್ಯಕರ್ತೆಯರ ಸವೆದ ಚಪ್ಪಲಿಗಳಿವೆ.

ಇಷ್ಟು ಓದಿದ ಮೇಲೆ ಒಂದು ಭಾನುವಾರ ಅಟ್ಟ ಹತ್ತಿ ನಮ್ಮ ತೊಟ್ಟಿಲನ್ನು ಇಳಿಸಿದೆ. ಅಮೆರಿಕದ 1973ರ ನಿಯಮದ ಪ್ರಕಾರ ಕಟಾಂಜನದ ಎರಡು ಗೂಟಗಳ ನಡುವಿನ ಸಂದು ಸುಮಾರು 6 ಸೆಂಟಿಮೀಟರ್ ಮೀರಬಾರದು. ಮೀರಿದರೆ ಕೂಸಿನ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಟೇಪು ಹಿಡಿದು ಅಳೆದೆ. ಕಲಘಟಗಿಯ ಆ ಹೆಸರು ಗೊತ್ತಿಲ್ಲದ ಬಡಿಗ ಯಾವ ನಿಯಮವನ್ನೂ ಓದದೆ ಐದಕ್ಕೂ ತುಸು ಕಡಿಮೆಯೇ ಇಟ್ಟಿದ್ದ! ಆದರೆ ಒಂದು ಕಡೆ ಗೂಟ ಮುರಿದು ಬಿದ್ದು ಹನ್ನೊಂದು ಸೆಂಟಿಮೀಟರಿನ ಬಾಯಿ ತೆರೆದಿತ್ತು. ಇನ್ನೊಂದು ಸಂಗತಿ ಬಣ್ಣದ್ದು. ಮೂಲದ ಅರಗಿನ ಬಣ್ಣದ ಮೇಲೆ, ನನ್ನ ತಂಗಿ ಹುಟ್ಟಿದಾಗ ಅಂಗಡಿಯಿಂದ ತಂದ ಆಯಿಲ್ ಪೇಂಟ್ ಬಳಿದಿದ್ದರು. ಆ ಕಾಲದ ಪೇಂಟುಗಳಲ್ಲಿ ಸೀಸ ಬೆರೆಸುತ್ತಿದ್ದರು. ಹಲ್ಲು ಬರುವ ಕೂಸು ತೊಟ್ಟಿಲ ಅಂಚನ್ನೇ ಕಡಿಯುವುದು. ಸೀಸ ಮಿದುಳಿಗೆ ವಿಷ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ವೆಂಕಟೇಶ ತುಪ್ಪಿಲ್ ಅವರು ಇದರ ವಿರುದ್ಧ ಬಹು ವರ್ಷ ದುಡಿದವರು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ.

ವಿದ್ಯಾರ್ಥಿನಿಗೆ ಉತ್ತರ ಹೇಳಿದೆ. ತೊಟ್ಟಿಲಿನ ಬಣ್ಣ, ಗೂಟ, ಸರಪಳಿ, ತೊಲೆಯ ಕೊಂಡಿ ಇವನ್ನು ಬಲ್ಲವರಿಂದ ನೋಡಿಸು. ನಾಮಕರಣದ ದಿನ ಎಲ್ಲರ ಕಣ್ಣೆದುರಿಗೆ ಕೂಸನ್ನು ಹಾಕಿ ಅತ್ತೆಯವರ ಆಸೆ ತೀರಿಸು. ರಾತ್ರಿಗೆ ನಿನ್ನ ಡಾಕ್ಟರ ಮಾತೇ ಮಾತು. ಆಕೆ ನಕ್ಕು, “ಸರ, ನಮ್ಮ ತೊಟ್ಟಿಲಕ್ಕೂ ಹಸಿರು ಆಯಿಲ್ ಪೇಂಟ್ ಹಚ್ಚ್ಯಾರ್ರಿ” ಎಂದಳು.

ಅಷ್ಟಕ್ಕೆ ನಿಲ್ಲಬಹುದಿತ್ತು. ಆದರೆ ಓದುವಾಗ ಒಂದು ವಿಷಯ ಮನಸ್ಸಿನಲ್ಲಿ ಸಿಕ್ಕಿಕೊಂಡಿತ್ತು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ದೊಡ್ಡವರಿಗೆ ತಲೆನೋವು, ವಾಂತಿ ಆಗುವಷ್ಟರಲ್ಲಿ ಎಳೆಗೂಸು ಕೈತಪ್ಪಬಹುದು. ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಅಗ್ಗಿಷ್ಟಿಕೆ ಇಡುವುದು, ಶೀತಗಾಳಿ ಬರದಂತೆ ಕಿಟಕಿಗೆ ಗೋಣಿಚೀಲ ತುರುಕುವುದು ನಿಮಗೆಲ್ಲ ಗೊತ್ತು.

ಅಕ್ಕನಿಗೆ ಈಗ ಎಪ್ಪತ್ತನಾಲ್ಕು. ಆ ಜನವರಿಯಲ್ಲಿ ಆರು ವರ್ಷದವಳು. ಅವ್ವನ ಅದೇ ಕೋಣೆಯಲ್ಲಿ ಮಲಗಿದ್ದಳು. ಫೋನು ಮಾಡಿ, ಆ ರಾತ್ರಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇತ್ತೇ ಎಂದು ಕೇಳಿದೆ.

“ಇರದ ಏನು? ಛಳಿ ಭಾಳ ಇತ್ತು. ಅಜ್ಜಿ ಎರಡು ಸಲ ಇದ್ದಲಿ ಹಾಕಿದ್ಲು.”

“ಕಿಟಕಿ?”

“ಚೀಲ ತುರುಕಿದ್ರು.” ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೇ ಮುಂದುವರಿಸಿದಳು. “ಮುಂಜಾನೆ ನನಗ ತಲಿ ಸಿಡೀತಿತ್ತೋ ತಮ್ಮಾ. ಅಂಗಳದಾಗ ವಾಂತಿ ಮಾಡಿಕೊಂಡೆ. ಮನ್ಯಾಗ ಹೆಣ ಬಿದ್ದೈತಿ, ಇದರದೊಂದು ಅಂತ ಅತ್ತಿ ಬೈದ್ರು. ಅವ್ವನೂ ತಲಿ ಹಿಡಕೊಂಡ ಕುಂತಿದ್ಲು. ಅತ್ತು ಅತ್ತು ಹಂಗಾಗೇತಿ ಅಂದ್ರು.”

ನಾನು ಓದಿದ್ದನ್ನು ಹೇಳಿದೆ. ನಿಧಾನವಾಗಿ, ಎರಡು ಸಲ ಹೇಳಿದೆ. ಅರವತ್ತೇಳು ವರ್ಷಗಳ ಹಿಂದಿನ ಸಂಗತಿ, ಆರು ವರ್ಷದ ಹುಡುಗಿಯ ನೆನಪು. ಇಷ್ಟರ ಮೇಲೆ ತೀರ್ಪು ಕೊಡಲು ಯಾವ ಇತಿಹಾಸಕಾರನಿಗೂ ಬರುವುದಿಲ್ಲ, ಇದೇ ಕಾರಣವೆಂದು ಹೇಳಲಾಗದು ಎಂದೂ ಹೇಳಿದೆ.

“ಅಂದ್ರ ಅವ್ವ ಹೊರಳಿರಲಿಲ್ಲೇನು?” ಎಂದಳು ಅಕ್ಕ.

“ಗೊತ್ತಿಲ್ಲ ಅಕ್ಕಾ. ಆದರ ಹೊರಳಿದ್ಲು ಅಂದವರಿಗೂ ಗೊತ್ತಿರಲಿಲ್ಲ.”

ಅವ್ವ 1990ರಲ್ಲಿ ತೀರಿಕೊಂಡಳು. ಅಕ್ಕ ಆ ಕಡೆಯಿಂದ ಬಹಳ ಹೊತ್ತು ಮಾತಾಡಲಿಲ್ಲ. ಫೋನು ಕಟ್ಟಾಯಿತೇನೋ ಎಂದು ನಾನು “ಅಕ್ಕಾ” ಎಂದೆ. “ಇದ್ದೀನಿ” ಎಂದಳು. ಆಮೇಲೆ ತೊಟ್ಟಿಲನ್ನು ಮತ್ತೆ ಅಟ್ಟಕ್ಕೆ ಏರಿಸಬೇಡ, ತಾನು ಯುಗಾದಿಗೆ ಬಂದು ಒಮ್ಮೆ ನೋಡುತ್ತೇನೆ ಎಂದಳು. ಅದು ಈಗ ಪಡಸಾಲೆಯಲ್ಲಿದೆ.